ನಕ್ಷೆಯಲ್ಲಿ ಒಂಬತ್ತು ಮೀಟರ್ ಇದ್ದ ಓಣಿ

ನಮ್ಮ ಓಣಿಗೆ ಗಾಡಿ ತಂದವರು ಮೊದಲು ಕಲಿಯುವುದು ಕನ್ನಡಿ ಮಡಚುವುದನ್ನು. ಕೆಳಗಿನಿಂದ ಬರುವವರು ಎರಡು ಸಲ ಹಾರ್ನ್ ಹೊಡೆಯಬೇಕು. ಮೇಲಿನಿಂದ ಬರುವವರು ಓಣಿಯ ನಡುವೆ ಸಿಗುವ ಬಡಗಿಯ ಮನೆ ಗೇಟಿನೊಳಗೆ ಅರ್ಧ ನುಗ್ಗಿ ದಾರಿ ಬಿಡಬೇಕು. ಬಡಗಿ ಗೊಣಗುತ್ತಲೇ ಬಂದು ಗೇಟು ತೆರೆಯುತ್ತಾನೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ. ನಾನು ಸಿಟಿ ಬಸ್ಸಿನ ಡ್ರೈವರ್. ಈ ಏರ್ಪಾಟು ಮಾಡಿದವನೇ ನಾನು ಎಂಬ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಒಂದು ಸಂಜೆ ಹೊರಗಿನಿಂದ ಬಂದ ನನ್ನಾಕೆ ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ರೀ, ಓಣಿ ಕೊನೇಲಿರೋ ಖಾಲಿ ಜಾಗದಲ್ಲಿ ಇನ್ನೂರ ನಲವತ್ತು ಮನೆ ಬರ್ತಾವಂತೆ. ಲೈಬ್ರರೀಲಿ ನಕ್ಷೆ ಇಟ್ಟಿದಾರೆ."

"ಬರಲಿ ಬಿಡು. ನಾವು ಬೇಡ ಅಂದ್ರೆ ನಿಲ್ಲಿಸ್ತಾರಾ?"

"ಅವರ ಗಾಡಿಗಳೆಲ್ಲ ಇದೇ ಓಣೀಲಿ ನುಗ್ಗಿದ್ರೆ, ಅಮ್ಮನಿಗೆ ಮತ್ತೆ ಉಬ್ಬಸ ಬಂದಾಗ ಆಂಬುಲೆನ್ಸ್ ಹೇಗೆ ಬರುತ್ತೆ?"

ಹೋದ ತಿಂಗಳು ಆಂಬುಲೆನ್ಸ್ ಬಡಗಿಯ ಗೇಟಿನ ಹತ್ತಿರ ಹಾಲಿನ ವ್ಯಾನಿಗೆ ಎದುರಾಗಿ ಸಿಕ್ಕಿಹಾಕಿಕೊಂಡಿತ್ತು. ಆ ದಿನ ಗೇಟಿಗೆ ಬೀಗ. ವ್ಯಾನನ್ನು ನಾನೇ ಹಿಂದಕ್ಕೆ ತೆಗೆದೆ. ಹನ್ನೊಂದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಮ್ಮನ ತುಟಿ ನೀಲಿಯಾಗಿತ್ತು. ಓಣಿಯಲ್ಲಿರುವುದು ನಲವತ್ತು ಮನೆ. ನಲವತ್ತಕ್ಕೇ ಹೀಗಾದರೆ? ಒಳಕೋಣೆಯಲ್ಲಿ ಅಮ್ಮ ಕೆಮ್ಮಿದಾಗಲೆಲ್ಲ ಎದ್ದು ಹೋಗಿ ನೋಡಿ ಬರುತ್ತಿದ್ದೆ.

ಮರುದಿನವೇ ಒಂದು ಕಾಗದ ಬರೆದೆ. 'ನಮಗೆ ಹೊಸ ಮನೆಗಳು ಬೇಡವೇ ಬೇಡ.' ಓಣಿಯವರನ್ನೆಲ್ಲ ಹಿಡಿದು ಸಹಿ ಹಾಕಿಸಿ ಲೈಬ್ರರಿಗೆ ಹೋದೆ. ಲೈಬ್ರರಿ ನೋಡಿಕೊಳ್ಳುವ ಅಕ್ಕನಿಗೆ ಪುರಸಭೆಯ ಕಾಗದಪತ್ರಗಳೆಲ್ಲ ಬಾಯಿಪಾಠ. ಓದಿ ಕನ್ನಡಕ ತೆಗೆದರು.

"ಡ್ರೈವರಣ್ಣ, ಬೇಜಾರು ಮಾಡ್ಕೋಬೇಡಿ. ಇದ್ರಿಂದ ಏನೂ ಆಗಲ್ಲ."

"ಯಾಕಕ್ಕಾ? ಮೂವತ್ತೆಂಟು ಜನ ಸಹಿ ಹಾಕಿದಾರೆ!"

"ಮೂವತ್ತೆಂಟು ಜನವೂ ಹೇಳಿರೋದು ಬೇಡ ಅಂತ ಒಂದೇ ಮಾತು. ಅಲ್ಲಿ ಮನೆ ಕಟ್ಟಬಹುದು ಅಂತ ಪುರಸಭೆ ನಿಯಮದಲ್ಲೇ ಇದೆ. ಮನೆ ಇಲ್ಲದೋರಿಗೆ ಮನೆ ಆಗಬೇಕಲ್ವಾ? ನಿಮಗೆ ಏನು ತೊಂದರೆ, ಎಲ್ಲಿ, ಅದಕ್ಕೆ ಏನು ಮಾಡಬೇಕು, ಅದನ್ನ ಬರೀರಿ."

"ಅಯ್ಯೋ ಬಿಡಿ ಅಕ್ಕಾ, ಅವರು ಆಗಲೇ ಎಲ್ಲಾ ತೀರ್ಮಾನ ಮಾಡಿರ್ತಾರೆ. ಇದೆಲ್ಲ ಕಣ್ಣೊರೆಸೋ ತಂತ್ರ."

"ಇದು ಕರಡು ನಕ್ಷೆ. ಅಂದ್ರೆ ಇನ್ನೂ ತಿದ್ದಬಹುದು. ಆಕ್ಷೇಪಣೆ ಕೊಡೋಕೆ ಆರೇ ದಿನ ಉಳಿದಿದೆ. ಆಮೇಲೆ ನೀವು ತಲೆಕೆಳಗಾಗಿ ನಿಂತ್ರೂ ಯಾರೂ ಕೇಳಲ್ಲ."

ಅವರು ನಕ್ಷೆಯ ಜೊತೆಗಿದ್ದ ವರದಿಯನ್ನು ನನ್ನ ಕಡೆ ತಿರುಗಿಸಿದರು. ನಮ್ಮ ಓಣಿಯ ಬಗ್ಗೆ ಇದ್ದದ್ದು ಒಂದೇ ಸಾಲು. 'ಹಾಲಿ ರಸ್ತೆ, ಅಗಲ ಒಂಬತ್ತು ಮೀಟರ್. ಸಂಚಾರದ ದೂರುಗಳು: ಇಲ್ಲ.'

"ಒಂಬತ್ತಾ? ಒಂಬತ್ತು ಮೀಟರ್ ಇದ್ದಿದ್ರೆ ನಾವು ಯಾಕಕ್ಕಾ ಕನ್ನಡಿ ಮಡಚ್ತಿದ್ವಿ?"

"ಇಷ್ಟು ವರ್ಷದಲ್ಲಿ ಒಂದು ದೂರಾದ್ರೂ ಕೊಟ್ಟಿದೀರಾ?"

"ಇಲ್ಲ... ನಾವು ನಾವೇ ಹೊಂದಿಸ್ಕೊಂಡು ಹೋಗ್ತಿದ್ವಿ."

"ಅಲ್ಲೇ ನೋಡಿ ಎಡವಟ್ಟಾಗಿದ್ದು. ನೀವು ಅಚ್ಚುಕಟ್ಟಾಗಿ ಹೊಂದಿಸ್ಕೊಂಡ್ರಿ. ಕಡತದಲ್ಲಿ ರಸ್ತೆ ಚೆನ್ನಾಗೇ ಉಳೀತು."

ನನ್ನ ಜಂಬವೆಲ್ಲ ಅಲ್ಲೇ ಇಳಿಯಿತು. ಮನೆಗೆ ಬಂದವನೇ ಬಡಗಿಯ ಟೇಪು ಹಿಡಿದು ಓಣಿ ಅಳೆದೆ. ದೊಡ್ಡ ರಸ್ತೆಗೆ ಸೇರುವ ಬಾಯಲ್ಲಿ ನಿಜವಾಗಿಯೂ ಒಂಬತ್ತು ಮೀಟರ್ ಇತ್ತು. ಅಳೆದ ಪುಣ್ಯಾತ್ಮರು ಅಲ್ಲಿಂದಲೇ ವಾಪಸು ಹೋಗಿರಬೇಕು. ಗೇಟಿನ ಹತ್ತಿರ ಮೂರು ಮೀಟರ್ ಎಂಬತ್ತು ಸೆಂಟಿಮೀಟರ್!

ಈ ಸಲ ಒಂದೊಂದು ಮನೆಯವರೂ ತಮ್ಮ ತಮ್ಮ ತೊಂದರೆಯನ್ನೇ ಬರೆದರು. ಬಡಗಿ ದಿನಕ್ಕೆ ಎಷ್ಟು ಸಲ ಗೇಟಿಗೆ ಓಡುತ್ತೇನೆಂದು ಬರೆದ. ನನ್ನಾಕೆ ಹನ್ನೊಂದು ನಿಮಿಷದ ಕಥೆಯನ್ನು ತಾರೀಕು ಸಮೇತ ಬರೆದಳು. ಆಚೆ ಬದಿಯಿಂದ ಇನ್ನೊಂದು ರಸ್ತೆ ಮಾಡಿ, ಆಮೇಲೆ ಮನೆಗಳಿಗೆ ಜನ ಬರಲಿ ಎಂದು ಎಲ್ಲರೂ ಕೇಳಿದೆವು. ಕೊನೆಯ ದಿನಕ್ಕೆ ಒಂದು ದಿನ ಮೊದಲು ಪುರಸಭೆಗೆ ಕೊಟ್ಟು, ಮುದ್ರೆ ಹಾಕಿದ ಸ್ವೀಕೃತಿ ಪತ್ರ ಪಡೆದೆವು.

ಅಹವಾಲು ಕೇಳುವ ದಿನ ಪುರಸಭೆಯ ಸಭಾಂಗಣದಲ್ಲಿ ಅಧಿಕಾರಿ ನನ್ನನ್ನೇ ನೋಡಿ ಕೇಳಿದರು. "ಇಷ್ಟೊಂದು ತೊಂದರೆ ಇದ್ರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?"

ಬಸ್ಸಿನ ತುಂಬ ಕೇಳುವಂತೆ ಕೂಗುವ ನಾನು, "ನಾವು ನಾವೇ ಹೊಂದಿಸ್ಕೊಂಡ್ವಿ ಸಾರ್" ಎಂದು ಮೆಲ್ಲಗೆ ಹೇಳಿದೆ. ಕೆಲಸ ಕೆಟ್ಟಿತು ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು.

"ಸಾರ್, ನಾನು ಆ ಓಣಿಯವಳಲ್ಲ. ಆ ಹೊಸ ಮನೇಗೆ ಅರ್ಜಿ ಹಾಕಿರೋಳು. ನನಗೆ ಪುಟ್ಟ ಮಗು ಇದೆ. ನಾಳೆ ನಮ್ಮ ಮನೇಗೂ ಆಂಬುಲೆನ್ಸ್ ಅದೇ ಓಣೀಲೇ ಬರಬೇಕಲ್ವಾ?"

ನಾನು ತಿರುಗಿ ನೋಡಿದೆ. ನಾನು 'ಬೇಡವೇ ಬೇಡ' ಎಂದು ಬರೆದದ್ದು ಇವಳಂಥವರ ಮನೆಯನ್ನೇ. ನಾಚಿಕೆಯಾಯಿತು.

ಅದಾದ ಮೇಲೆ ಅಧಿಕಾರಿಗಳು ಬಂದು ಓಣಿಯನ್ನು ತುದಿಯಿಂದ ತುದಿಗೆ ಅಳೆದರು. ತಿದ್ದಿದ ನಕ್ಷೆಯಲ್ಲಿ ಈಗ ಎರಡನೆಯ ರಸ್ತೆ ಇದೆ. ಅದು ಆಗುವವರೆಗೆ ಹೊಸ ಮನೆಗೆ ಯಾರೂ ಬರುವಂತಿಲ್ಲ ಎಂಬ ಷರತ್ತೂ ಇದೆ. ಆದರೆ ರಸ್ತೆ ಇನ್ನೂ ಕಾಗದದ ಮೇಲೇ ಇದೆ. ನನ್ನ ಎದೆಯ ಭಾರ ಇಳಿದಿಲ್ಲ.

"ಕೆಲಸ ಶುರುವಾಯ್ತೇನೋ?" ಎಂದು ಅಮ್ಮ ದಿನವೂ ಕೇಳುತ್ತಾಳೆ.

"ಇನ್ನೂ ಇಲ್ಲಮ್ಮ."

"ಹಾಗಾದ್ರೆ ಇಲ್ಲೇನು ಕೂತಿದೀಯಾ? ಹೋಗಿ ಕೇಳು."

ಹೋಗಿ ಕೇಳುತ್ತೇನೆ. 'ನಾವು ಬೇಡ ಅಂದ್ರೆ ನಿಲ್ಲಿಸ್ತಾರಾ' ಎಂದ ಬಾಯಿಯೇ ಈಗ ಪುರಸಭೆಯಲ್ಲಿ ರಸ್ತೆ ಕೆಲಸ ಶುರುವಾಗುವ ದಿನಾಂಕ ಕೇಳುತ್ತದೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಡಾವಣೆಯ ಕರಡು ನಕ್ಷೆಯನ್ನೂ ಎಲ್ಲೋ ಒಂದು ಕಡೆ ಜನ ನೋಡಲೆಂದು ಇಟ್ಟಿರಬಹುದು. ನಿಮ್ಮ ಬೀದಿ, ನಿಮ್ಮ ಚರಂಡಿ, ನಿಮ್ಮ ನೀರಿನ ಬಗ್ಗೆ ಅದರಲ್ಲಿ ಏನು ಬರೆದಿದೆ ಎಂದು ನೋಡಿ. ತಪ್ಪಿದ್ದರೆ ಅಳತೆ ಸಮೇತ ನಿಮ್ಮ ಮಾತಿನಲ್ಲೇ ಬರೆದುಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಕೊನೆಯ ದಿನಾಂಕ ಕಳೆಯುವ ಮೊದಲೇ ಹೋಗಿ. ಮನೆಯೊಳಗೆ ಒಬ್ಬರು ಉಸಿರಿಗಾಗಿ ಒದ್ದಾಡುತ್ತಿರುವಾಗ ನಕ್ಷೆ ತಿದ್ದಲು ಸಮಯ ಇರುವುದಿಲ್ಲ.