ಬಿಸಿ ಮಾಡಿ ಮಾರಿದ ಕಾರು

ಕಾರಿಗೆ ಎರಡು ಲಕ್ಷ ನಲವತ್ತು ಸಾವಿರ. ಅದನ್ನು ಹೆಸರಿಗೆ ಮಾಡಿಸಿಕೊಳ್ಳಲು ಆರು ಸಾವಿರ. ವಿಮೆಗೆ ಒಂಬತ್ತು. ಖುಷಿಯಲ್ಲಿ ಟ್ಯಾಂಕ್ ತುಂಬಾ ಹಾಕಿಸಿದ ಡೀಸೆಲ್‌ಗೆ ಮೂರು. ಅಲ್ಲಿಗೆ ಟೈಲರಕ್ಕನ ಉಳಿತಾಯ ಖಾಲಿಯಾಯಿತು. ನರ್ಸಿಂಗ್ ಹೋಮಿನವರು ಹೊಸ ಮಹಡಿಯ ಪರದೆಗಳಿಗೆಂದು ಕೊಟ್ಟಿದ್ದ ಮುಂಗಡದಲ್ಲೂ ಅರ್ಧ ಕರಗಿತು.

ಆ ಅರ್ಧ ಮುಂಗಡ ಬಟ್ಟೆ ಕೊಳ್ಳಲು ಇಟ್ಟದ್ದು. ಅದನ್ನು ಮುಟ್ಟಬಾರದು ಅಂತ ಅವಳಿಗೂ ಗೊತ್ತಿತ್ತು. ಆದರೆ ಸ್ವಂತ ಗಾಡಿಯಿದ್ದರೆ ಬೆಳಿಗ್ಗೆ ಬೆಳಿಗ್ಗೆ ಲಾಡ್ಜುಗಳಿಗೆ ಹೊಲಿದ ಮಾಲು ಮುಟ್ಟಿಸಬಹುದು, ಆ ದುಡ್ಡಿನಲ್ಲಿ ತಿಂಗಳ ಕೊನೆಯೊಳಗೆ ಬಟ್ಟೆ ತರಬಹುದು ಎಂದು ಲೆಕ್ಕ ಹಾಕಿದ್ದಳು. ಲೆಕ್ಕ ಸರಿಯಾಗೇ ಇತ್ತು. ಕಾರು ಸರಿಯಿರಲಿಲ್ಲ.

ಮಧ್ಯಾಹ್ನ ನೋಡಲು ಹೋದಾಗ ಅದು ಒಂದೇ ತಿರುವಿಗೆ ಸ್ಟಾರ್ಟ್ ಆಗಿತ್ತು. ಮನೆಗೆ ತಂದ ಮಾರನೇ ಬೆಳಿಗ್ಗೆ ಮಾತ್ರ ಎಷ್ಟು ತಿರುಗಿಸಿದರೂ ಕೆಮ್ಮುವುದೇ ಹೊರತು ಹೊರಡಲಿಲ್ಲ. ಕೊನೆಗೆ ಎದುರುಮನೆಯ ಇಬ್ಬರು ತಳ್ಳಿದ ಮೇಲೆ ಬೀದಿ ತುಂಬಾ ನೀಲಿ ಹೊಗೆ ಬಿಟ್ಟು ಹೊರಟಿತು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಸಭ್ಯಸ್ಥನ ಹಾಗೆ ಓಡಿತು.

"ನೀನು ಏನು ನೋಡಿ ತಗೊಂಡೆ ಅಕ್ಕ?" ಎಂದ ತಮ್ಮ.

ಟೈಲರಕ್ಕ ಸುಳ್ಳು ಹೇಳಲಿಲ್ಲ. "ಸೀಟಿನ ಹೊಲಿಗೆ."

"ಏನು?"

"ಹೊಸ ಸೀಟ್ ಕವರ್ ಕಣೋ. ಎಲ್ಲಾ ಅಂಚಿಗೂ ಜೋಡಿ ಹೊಲಿಗೆ, ಮೂಲೆಯಲ್ಲಿ ಒಂದು ನೆರಿಗೆ ಇಲ್ಲ. ಇಷ್ಟು ಅಚ್ಚುಕಟ್ಟಾಗಿ ಸೀಟು ನೋಡಿಕೊಂಡವರು ಇಂಜಿನ್ ನೋಡಿಕೊಳ್ಳದೆ ಇರ್ತಾರಾ ಅನ್ನಿಸ್ತು."

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಳೆ ನನಗೆ ಹೆಣ್ಣು ನೋಡೋಕೆ ನಿನ್ನನ್ನ ಕರ್ಕೊಂಡು ಹೋಗಲ್ಲ. ರವಿಕೆ ಹೊಲಿಗೆ ನೋಡಿ ಒಪ್ಪಿಕೊಂಡು ಬರ್ತೀಯ."

"ನಗು, ನಗು. ದುಡ್ಡು ಹೋಗಿರೋದು ನಂದು."

ಅವಳಿಗೆ ನಿಜವಾಗಿ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಹಳೇ ಹೊಲಿಗೆ ಮೆಷಿನ್ ಕೊಳ್ಳುವಾಗ ಅವಳು ಮಾರುವವರ ಮನೆಗೆ ಹೇಳದೆ ಕೇಳದೆ ಹೋಗಿ, ಮೊದಲು ಮೆಷಿನ್ ಮೇಲೆ ಅಂಗೈ ಇಡುತ್ತಿದ್ದಳು. ಬಿಸಿಯಿದ್ದರೆ ವ್ಯಾಪಾರವೇ ಇಲ್ಲ. ಯಾರೋ ಎಣ್ಣೆ ಬಿಟ್ಟು, ಓಡಿಸಿ, ಬಿಗಿತ ಬಿಡಿಸಿ ಕೂರಿಸಿದ್ದಾರೆ ಎಂದು ಅರ್ಥ. ಇಷ್ಟು ಗೊತ್ತಿದ್ದವಳು ಅಂದು ಕಾರಿನ ಬಾನೆಟ್ ಮೇಲೆ ಕೈ ಇಡದೆ ಸೀಟು ಸವರುತ್ತಾ ಕೂತಿದ್ದಳು!

ಆ ಹಳೇ ಕಾರು ಮಾರಿದ ವ್ಯಾಪಾರಿ ಬೆಣ್ಣೆಯಂಥ ಮಾತಿನವನು. "ಅಯ್ಯೋ ಅಕ್ಕಾ, ತನ್ನಿ, ನಮ್ಮ ಹುಡುಗರು ನೋಡ್ತಾರೆ" ಎಂದು ಎರಡು ದಿನ ಇಟ್ಟುಕೊಂಡು, ಏನೋ ತೊಳೆದು, ಏನೋ ಬದಲಾಯಿಸಿ, ಸಂಜೆ ಹೊತ್ತಿಗೆ ಕೊಟ್ಟ. ಬೆಳಿಗ್ಗೆ ಮತ್ತೆ ಅದೇ ಕೆಮ್ಮು. ಎರಡನೇ ಸಲ ಹೋದಾಗ ಬೆಣ್ಣೆ ಗಟ್ಟಿಯಾಗಿತ್ತು. "ನಮ್ಮ ಅಂಗಳದಲ್ಲಿ ಚೆನ್ನಾಗೇ ಇತ್ತಲ್ಲ? ಹಳೇ ಗಾಡಿ ಅಕ್ಕಾ. ನೀವು ಹೇಗೆ ಓಡಿಸಿದ್ರೋ ಏನೋ. ಬಿಲ್ ಕೆಳಗೆ ಓದಿ, ಮಾರಿದ ಮಾಲು ವಾಪಸ್ ಇಲ್ಲ."

ಮನೆಗೆ ಬಂದರೆ ತಮ್ಮ ತನ್ನ ಮೆಕ್ಯಾನಿಕ್ ಗೆಳೆಯನಿಗೆ ಫೋನ್ ಹಚ್ಚಿದ್ದ. "ಅರ್ಧ ದಿನದಲ್ಲಿ ಇಂಜಿನ್ ಬಿಚ್ಚಿ ನೋಡ್ತಾನಂತೆ."

"ಫೋನ್ ಇಡು. ಸ್ಪ್ಯಾನರ್ ಹಿಡ್ಕೊಂಡು ಯಾರಾದ್ರೂ ಈ ಗಾಡಿ ಹತ್ರ ಬಂದ್ರೆ ಕತ್ತರಿಯಿಂದ ಬೆರಳು ಕತ್ತರಿಸ್ತೀನಿ."

"ನಿನಗೆ ಸಹಾಯ ಮಾಡೋಕೆ ಹೋದ್ರೆ..."

"ಕೇಳು. ಒಬ್ಬಳು ಬಂದು ಕುಪ್ಪಸ ಬಿಗಿಯಾಯ್ತು ಅಂತಾಳೆ, ನಾನು ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡ್ತೀನಿ. ಅವಳೇ ಮನೆಯಲ್ಲಿ ಬಿಚ್ಚಿ, ಕತ್ತರಿಸಿ, ಆಮೇಲೆ ತಂದ್ರೆ ನಾನು ಏನಂತೀನಿ?"

"ನೀನೇ ಕೆಡಿಸಿದ್ದು ಅಂತೀಯ."

"ಅವನೂ ಅದನ್ನೇ ಕಾಯ್ತಾ ಇದ್ದಾನೆ."

ಮಾರನೇ ದಿನ ಅಂಗಡಿಗೆ ಬೀಗ ಹಾಕಿ ಗ್ರಾಹಕರ ದೂರು ಕಚೇರಿಗೆ ಹೋದಳು. ಅಲ್ಲಿದ್ದ ಕನ್ನಡಕದ ಅಧಿಕಾರಿಣಿ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ವಾಪಸ್ ಇಲ್ಲ ಅಂತ ಅಚ್ಚಾಗಿದೆಯಲ್ಲ ಮೇಡಂ?" ಎಂದಳು ಟೈಲರಕ್ಕ.

"ಅಚ್ಚು ಹಾಕಿಸಿಬಿಟ್ರೆ ಕಾನೂನು ಆಗಿಬಿಡುತ್ತಾ? ಒಳ್ಳೇ ಕಂಡೀಷನ್ ಅಂತ ಇದೇ ಬಿಲ್ಲಿನ ಮೇಲೆ ಅವರೇ ಬರೆದಿದ್ದಾರೆ. ಹಳೇ ಗಾಡಿಗೆ ಹಳತನದ ಸವೆತ ಇರಲಿ, ಅದಕ್ಕೆ ಅವರನ್ನ ಹಿಡಿಯೋಕಾಗಲ್ಲ. ಆದರೆ ಮಾರುವ ದಿನವೇ ಇದ್ದ ದೋಷ ಮುಚ್ಚಿಟ್ಟು ಮಾರಿದ್ರೆ ವ್ಯಾಪಾರಿಯೇ ಹೊಣೆ. ಸರಿಮಾಡೋಕೆ ಅವಕಾಶ ಕೊಟ್ರಾ?"

"ಕೊಟ್ಟೆ. ಸರಿಹೋಗಲಿಲ್ಲ."

"ಹಾಗಾದ್ರೆ ದುಡ್ಡು ವಾಪಸ್ ಕೇಳಬಹುದು. ಕಷ್ಟ ಇರೋದು ಒಂದೇ. ಆ ದೋಷ ಅವತ್ತೇ ಇತ್ತು ಅಂತ ತೋರಿಸಬೇಕು. ಕೇಸ್ ಹಾಕಿದ್ರೆ ನಾವು ಜೊತೆಗಿರ್ತೀವಿ, ಆದರೆ ತಿಂಗಳುಗಟ್ಟಲೆ ಆಗುತ್ತೆ."

ತಿಂಗಳುಗಟ್ಟಲೆ ಕಾಯುವ ಹಾಗಿರಲಿಲ್ಲ. ಬಟ್ಟೆ ತರದಿದ್ದರೆ ನರ್ಸಿಂಗ್ ಹೋಮಿನ ಕೆಲಸವೇ ಕೈತಪ್ಪುತ್ತಿತ್ತು. ಬಸ್ಸಿನಲ್ಲಿ ಕೂತು ಯೋಚಿಸಿದಳು. ಗಾಡಿ ಅವನ ಅಂಗಳದಲ್ಲಿ ಯಾವಾಗಲೂ ಚೆನ್ನಾಗಿರುತ್ತದೆ, ತನ್ನ ಮನೆಯಲ್ಲಿ ಬೆಳಿಗ್ಗೆ ಮಾತ್ರ ಕೆಡುತ್ತದೆ. ಅಂದಮೇಲೆ ಅದರ ಬೆಳಗು ಅವನ ಅಂಗಳದಲ್ಲೇ ಆಗಲಿ.

ಸಂಜೆ ಕಾರನ್ನು ಒಯ್ದು ಅಂಗಳದ ಮಧ್ಯದಲ್ಲಿ ನಿಲ್ಲಿಸಿ ಇಳಿದಳು.

"ಒಂದು ರಾತ್ರಿ ಇಲ್ಲೇ ಇರಲಿ. ನಾಳೆ ಬೆಳಿಗ್ಗೆ ಬರ್ತೀನಿ. ಸ್ಟಾರ್ಟ್ ಆದ್ರೆ ನಾನು ಬಾಯಿ ಮುಚ್ಕೊಂಡು ಮನೆಗೆ ಹೋಗ್ತೀನಿ."

"ಧಾರಾಳವಾಗಿ ಬಿಡಿ ಅಕ್ಕಾ!" ವ್ಯಾಪಾರಿಗೆ ಸಂತೋಷವೇ ಆಯಿತು. ಕೈ ಚಾಚಿದ. "ಕೀ ಕೊಡಿ."

"ಕೀ ನನ್ನ ಹತ್ರ ಇರುತ್ತೆ."

ಚಾಚಿದ ಕೈ ಅಲ್ಲೇ ನಿಂತಿತು. "ಗಾಡಿ ಆಚೀಚೆ ಸರಿಸಬೇಕಾಗುತ್ತೆ..."

"ಮಧ್ಯದಲ್ಲಿ ನಿಲ್ಲಿಸಿದ್ದೀನಿ, ಯಾರಿಗೂ ಅಡ್ಡ ಇಲ್ಲ. ಚೆನ್ನಾಗಿರೋ ಗಾಡಿಗೆ ರಾತ್ರಿ ಕೀ ಯಾಕೆ?"

ಬೆಳಿಗ್ಗೆ ತಮ್ಮನನ್ನು ಕರೆದುಕೊಂಡು ಹೋದಾಗ ಅಂಗಳದ ಗೇಟು ಆಗಷ್ಟೇ ತೆರೆದಿತ್ತು. ಅಲ್ಲಿನ ವಯಸ್ಸಾದ ಮೆಕ್ಯಾನಿಕ್ ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಕೀಗಳ ಗೊಂಚಲು ಹಿಡಿದು ಸಾಲಿನ ಮೊದಲ ಕಾರಿನಿಂದ ಶುರುಮಾಡಿದ್ದ. ಪ್ರತಿಯೊಂದನ್ನೂ ಸ್ಟಾರ್ಟ್ ಮಾಡುವುದು, ಐದಾರು ನಿಮಿಷ ಗುರುಗುಟ್ಟಲು ಬಿಡುವುದು, ಮುಂದಕ್ಕೆ ಹೋಗುವುದು. ಗಿರಾಕಿಗಳು ಬರುವ ಮೊದಲು ಎಲ್ಲಾ ಗಾಡಿ ಬಿಸಿಯಾಗಿರಬೇಕು. ಅದು ಅಲ್ಲಿನ ನಿತ್ಯದ ಕೆಲಸ. ಮುದುಕ ಏನನ್ನೂ ಮುಚ್ಚಿಡುತ್ತಿರಲಿಲ್ಲ, ಮುಚ್ಚಿಡಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಟೈಲರಕ್ಕ ಅವಸರ ಮಾಡಲಿಲ್ಲ. ಬೆಂಚಿನ ಮೇಲೆ ಕೂತು ಕಾದಳು. ವ್ಯಾಪಾರಿ ಬಂದ. ಅವನ ಹಿಂದೆಯೇ ಒಬ್ಬ ಮೇಷ್ಟ್ರು ಹೆಂಡತಿಯೊಡನೆ ಕಾರು ನೋಡಲು ಬಂದರು. ಆಗ ಎದ್ದು ಹೋಗಿ ಕೀ ತಿರುಗಿಸಿದಳು. ಕಾರು ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದಳು. ಮತ್ತೆ ಕೆಮ್ಮಿತು.

ದೂರದಿಂದಲೇ ಮೆಕ್ಯಾನಿಕ್ ಕೂಗಿದ. "ಅಯ್ಯೋ ತಾಯೀ, ಬ್ಯಾಟರಿ ಇಳಿದುಹೋಗುತ್ತೆ, ನಿಲ್ಲಿಸಿ! ಅದು ಹಾಗೆಲ್ಲಾ ಆಗಲ್ಲ. ಅದನ್ನ ದಿನಾ ಇಬ್ಬರು ಸೇರಿ ತಳ್ತಿದ್ವಿ. ತಂದ ದಿನದಿಂದ ಅದರದ್ದು ಇದೇ ಗೋಳು, ಇಂಜಿನ್ ಒಳಗೆಲ್ಲಾ ಸವೆದಿದೆ ಅಂತ ಯಜಮಾನ್ರಿಗೆ ಅವತ್ತೇ..."

ಅಷ್ಟು ಹೇಳಿದ ಮೇಲೆ ಯಜಮಾನರ ಮುಖ ನೋಡಿದ. ಉಳಿದ ಮಾತನ್ನು ಟೀ ಜೊತೆ ನುಂಗಿದ.

ಮೇಷ್ಟ್ರು ತಾವು ಮೆಚ್ಚಿ ಸವರುತ್ತಿದ್ದ ಕಾರಿನಿಂದ ಮೆಲ್ಲಗೆ ಕೈ ತೆಗೆದರು. ಅವರ ಹೆಂಡತಿ, "ನಾವೂ ನಾಳೆ ಬೆಳಿಗ್ಗೆ ಬರೋಣ, ಗೇಟು ತೆಗೆಯೋ ಹೊತ್ತಿಗೆ" ಎಂದಳು.

"ಕೇಳಿಸಿಕೊಂಡ್ಯಾ?" ಎಂದು ಟೈಲರಕ್ಕ ತಮ್ಮನನ್ನು ಕೇಳಿದಳು.

"ಬೀದಿಗೆಲ್ಲಾ ಕೇಳಿಸ್ತು."

ವ್ಯಾಪಾರಿ ಅವಳನ್ನು ಒಳಗೆ ಕರೆದು ಕೂರಿಸಿದ. ಮೊದಲು, ಹೊಸ ಇಂಜಿನ್ ಕೂರಿಸಿಕೊಡುತ್ತೇನೆ, ತಿಂಗಳು ಬೇಕು ಎಂದ. ಆಗಲ್ಲ ಎಂದಳು. ಬೇರೆ ಕಾರು ತಗೊಳ್ಳಿ ಎಂದ. "ಇಲ್ಲಿಂದ ನಾನು ಒಂದು ಗಾಳಿ ಪಂಪೂ ತಗೊಳಲ್ಲ" ಎಂದಳು. "ನೋಡಿ, ನಿಮ್ಮ ಮರ್ಯಾದೆ ತೆಗೆಯೋಕೆ ಬಂದಿಲ್ಲ. ದೂರಿನ ಅರ್ಜಿ ತುಂಬಿಸಿಟ್ಟಿದ್ದೀನಿ, ಕೊಟ್ಟಿಲ್ಲ. ಕೊಟ್ಟ ಬೆಲೆ, ಹೆಸರು ಬದಲಾಯಿಸಿದ ಖರ್ಚು, ಎರಡೂ ಇವತ್ತೇ ಕೊಟ್ಟುಬಿಡಿ. ನಾನು ಇಷ್ಟು ದಿನ ಓಡಿಸಿದ್ದೀನಿ, ಅದಕ್ಕೆ ನ್ಯಾಯವಾದ್ದು ಹಿಡಿದುಕೊಳ್ಳಿ."

ಅವನು ಹದಿನೈದು ಸಾವಿರ ಎಂದ. ಅವಳು ಐದು ಎಂದಳು. ಎಂಟಕ್ಕೆ ಒಪ್ಪಿದರು.

"ಇನ್ನೊಂದು ಮಾತು," ಎಂದಳು ಏಳುವಾಗ. "ಆ ಮುದುಕನ ಮೇಲೆ ಕೂಗಾಡಬೇಡಿ. ಕೆಲಸದಿಂದ ತೆಗೆದಿರಿ ಅಂತ ಕಿವಿಗೆ ಬಿದ್ರೆ ಅರ್ಜಿ ಕೊಡ್ತೀನಿ, ಸಾಕ್ಷಿಗೆ ಅವನನ್ನೇ ಕರೀತೀನಿ."

ಮುದುಕ ಆ ಅಂಗಳದಲ್ಲೇ ಉಳಿದ.

ದುಡ್ಡು ಸಂಜೆಯೊಳಗೆ ಬ್ಯಾಂಕಿಗೆ ಬಂತು, ಎರಡು ಲಕ್ಷ ಮೂವತ್ತೆಂಟು ಸಾವಿರ. ಓಡಿಸಿದ್ದಕ್ಕೆ ಹಿಡಿದ ಎಂಟು, ವಿಮೆಯ ಒಂಬತ್ತು, ಡೀಸೆಲ್‌ನ ಮೂರು, ಒಟ್ಟು ಇಪ್ಪತ್ತು ಸಾವಿರ ಕಳೆಯಿತು. ಲಾಡ್ಜುಗಳಲ್ಲಿ ಒಂದು, ಮಾಲು ತಡವಾಯಿತೆಂದು ಬೇರೆ ಟೈಲರನ್ನು ಹುಡುಕಿಕೊಂಡಿತು. ನರ್ಸಿಂಗ್ ಹೋಮಿನ ಬಟ್ಟೆ ಮಾತ್ರ ಹೇಳಿದ ದಿನಕ್ಕೆ ಮುಂಚೆಯೇ ಅಂಗಡಿಗೆ ಬಂತು, ಕೆಲಸ ಉಳಿಯಿತು.