ಎರಡು ಗಿಡ್ಡ, ಒಂದು ಉದ್ದ

ಹಲ್ಲುನೋವಿನವರು ನಗುವುದನ್ನು ನೀವು ನೋಡಿದ್ದೀರೋ ಇಲ್ಲವೋ, ನಾನಂತೂ ನೋಡಿದ್ದೇನೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಂಡು ಸರದಿಯಂತೆ ಒಳಗೆ ಕಳಿಸುವುದು ನನ್ನ ಕೆಲಸ. ಆವತ್ತು ಒಂದು ಕೆನ್ನೆ ಚೆಂಡಿನ ಹಾಗೆ ಊದಿಕೊಂಡಿದ್ದ ಹೆಂಗಸೊಬ್ಬಳು ಅಯ್ಯೋ ಅಮ್ಮಾ ಎನ್ನುತ್ತಲೇ ಗೋಡೆಯ ಟೀವಿ ನೋಡಿ ಕಿಸಕ್ಕನೆ ನಗುತ್ತಿದ್ದಳು. ಪಕ್ಕದ ಮುದುಕ, ಕಟ್ಟಿಸಿಕೊಳ್ಳಬೇಕಾದ ಹಲ್ಲಿನ ಜಾಗವೆಲ್ಲ ಕಾಣುವ ಹಾಗೆ ಬಾಯಿ ತೆರೆದು ನಗುತ್ತಿದ್ದ. ಏನಪ್ಪಾ ಅಂಥದ್ದು ಎಂದು ನಾನೂ ಕತ್ತೆತ್ತಿದೆ.

ಹೊಸ ಕಾಮಿಡಿ ಸಿನಿಮಾದ ಟ್ರೇಲರ್. ಬ್ಯಾಂಕ್ ದೋಚಲು ಬಂದ ಕಳ್ಳ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಆಟಿಕೆಯಂಥ ಪಿಸ್ತೂಲು ಹಿಡಿದು ಕೌಂಟರಿನ ಮುಂದೆ ನಿಂತಿದ್ದಾನೆ. 'ದುಡ್ಡು' ಅನ್ನಬೇಕು, ಬಾಯಿಂದ ಹೊರಡುತ್ತಿಲ್ಲ. ದು, ದು, ದೂ. ಹಿಂದೆ ದಪ್ಪ ದನಿಯ ಕಹಳೆಯೊಂದು ಬಂ, ಬಂ, ಬೋಂ ಎಂದು ಅದಕ್ಕೆ ಸರಿಯಾಗಿ ತಾಳ ಹಾಕುತ್ತದೆ. ಮೊದಲನೆಯ ದು-ಗೆ ಗುಮಾಸ್ತ ಕಣ್ಣು ಪಿಳುಕಿಸುತ್ತಾನೆ, ಎರಡನೆಯದಕ್ಕೆ ಕಿಟಕಿಯಲ್ಲಿ ಕೂತ ಬೆಕ್ಕು ಬಾಲ ಆಡಿಸುತ್ತದೆ, ಉದ್ದನೆಯ ದೂ-ಗೆ ಕಾವಲುಗಾರ ಕುರ್ಚಿ ಎಳೆದು ತಂದು ಕಳ್ಳನನ್ನೇ ಕೂರಿಸುತ್ತಾನೆ. ಯಾರೋ ಕುಡಿಯಲು ನೀರು ಕೊಡುತ್ತಾರೆ. ಇದ್ದಕ್ಕಿದ್ದಂತೆ ಸಂಗೀತ ನಿಲ್ಲುತ್ತದೆ. ಇಡೀ ಬ್ಯಾಂಕು ಬಾಯಿ ತೆರೆದು ಕಾಯುತ್ತದೆ. 'ದುಡ್ಡು' ಎಂದು ಕೊನೆಗೂ ಹೊರಬರುವಷ್ಟರಲ್ಲಿ ಶಟರ್ ಧಡಾರನೆ ಬೀಳುತ್ತದೆ.

ನಗಬೇಕಿತ್ತು. ಹೆಸರು ಬರೆಯುತ್ತಿದ್ದ ನನ್ನ ಪೆನ್ನು ನಿಂತಿತು. ಆ ದು, ದು, ದೂ ನನ್ನ ಗಂಡನದ್ದು.

ನಮ್ಮವರಿಗೆ ಉಗ್ಗು. ಮದುವೆಯಾದಾಗಿನಿಂದ ಅದರ ಎದುರು ಕೂತು, ಮಾತು ಹೊರಬರುವುದನ್ನು ಕಾದವಳು ನಾನು. ಎರಡು ಗಿಡ್ಡ, ಒಂದು ಉದ್ದ, ಆಮೇಲೆ ಗಂಟಲಲ್ಲಿ ಸಣ್ಣದೊಂದು 'ಕ್ಳಕ್', ಮೂಗಿನಿಂದ ಒಂದು ಉಸಿರು. ನೂರು ಜನ ಒಟ್ಟಿಗೆ ಉಗ್ಗಲಿ, ಕಣ್ಣು ಕಟ್ಟಿ ನಿಲ್ಲಿಸಿದರೂ ಇವರದ್ದನ್ನು ಆರಿಸಿ ಕೊಡುತ್ತೇನೆ. ಟೀವಿಯಲ್ಲಿ ಆ ಕ್ಳಕ್ ಕೂಡ ಇತ್ತು. ಮೈ ನಟನದ್ದು, ಗಂಟಲು ನಮ್ಮವರದ್ದು.

ಅದು ಅಲ್ಲಿಗೆ ಹೇಗೆ ಹೋಯಿತು ಎಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಆ ಟ್ರೇಲರನ್ನು ಕತ್ತರಿಸಿ ಜೋಡಿಸಿದವಳು ನಮ್ಮವರ ತಂಗಿ, ನನ್ನ ನಾದಿನಿ ಪುಟ್ಟಿ. ಅದೇ ಅವಳ ಕಸುಬು. ಇಡೀ ಸಿನಿಮಾದಿಂದ ನಗುವ ತುಂಡುಗಳನ್ನು ಹೆಕ್ಕಿ, ಸಂಗೀತ ಹಾಕಿ, ಜನ ಟಿಕೆಟ್ ಕೊಳ್ಳುವ ಹಾಗೆ ಮಾಡುವುದು.

ನನ್ನ ಹೆದರಿಕೆ ಏನೆಂದು ಹೇಳಿಬಿಡುತ್ತೇನೆ. ಇವರು ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಗಾಜು ಉಜ್ಜುತ್ತಾರೆ. ಹಿಂದೊಮ್ಮೆ ಗಿರಾಕಿಯೊಬ್ಬ ಇವರನ್ನು ಅಣಕಿಸಿ ತನ್ನ ಹೆಂಡತಿಯನ್ನು ನಗಿಸಿದ. ಅವತ್ತಿನಿಂದ ಇವರು ಮನೆಯಲ್ಲೂ ಬಾಯಿ ಮುಚ್ಚಿಕೊಂಡುಬಿಟ್ಟರು. ಕೈಸನ್ನೆ, ತಲೆಯಾಡಿಕೆ, ಹೆಚ್ಚೆಂದರೆ ಒಂದು ಹೂಂ. ವರ್ಷವೇ ಹಾಗೆ ಹೋಯಿತು. ಗೋಡೆಯ ಜೊತೆ ಸಂಸಾರ ಮಾಡಿದ ಹಾಗಿತ್ತು, ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಬಾಯಿ ಬಿಡಿಸಿದವಳು ಪುಟ್ಟಿಯೇ. 'ಟೈಪ್ ಮಾಡ್ಬೇಡ ಅಣ್ಣ, ಮಾತು ರೆಕಾರ್ಡ್ ಮಾಡಿ ಕಳಿಸು, ಎಷ್ಟು ಹೊತ್ತಾದ್ರೂ ಕೇಳ್ತೀನಿ' ಎಂದು ಗಂಟುಬಿದ್ದಳು. ಇವರು ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ನಿಂತು ಮೊದಲ ಸಲ ಫೋನಿಗೆ ಮಾತಾಡಿದ ದಿನ ನಾನು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತಿದ್ದೆ. ಆ ಮಾತನ್ನೇ ಅವಳು ಕಿತ್ತು ಸಿನಿಮಾಕ್ಕೆ ಹಾಕಿದ್ದಳು. ಇವರಿಗೆ ತಿಳಿದರೆ ಮತ್ತೆ ಬಾಯಿಗೆ ಬೀಗ ಬೀಳುವುದು ಗ್ಯಾರಂಟಿ, ಈ ಸಲ ತೆಗೆಯುವವರು ಯಾರೂ ಇಲ್ಲ.

ಮಧ್ಯಾಹ್ನ ತಲೆನೋವಿನ ನೆಪ ಹೇಳಿ ನೇರ ಅವಳ ಸ್ಟುಡಿಯೋಗೆ ಹೋದೆ. ಕಿಟಕಿಗೆ ಕಪ್ಪು ಪರದೆ, ಗೋಡೆಗೆಲ್ಲ ಸ್ಪಂಜು, ಮೈ ನಡುಗಿಸುವ ಎಸಿ. ನನ್ನ ಮುಖ ನೋಡಿದ್ದೇ ಪುಟ್ಟಿ ಕುರ್ಚಿಯಿಂದ ಎದ್ದು ನಿಂತಳು.

'ಗೊತ್ತಾಯ್ತಾ ಅತ್ತಿಗೆ?'

'ನಿಮ್ಮಣ್ಣನ್ನ ಮಾರ್ಕೊಂಡ್ಯಲ್ಲೇ.'

ಬಾಯಿಗೆ ಬಂದ ಹಾಗೆ ಬೈದೆ. ಅವಳು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು. ನನಗೆ ಉಸಿರು ಸಾಲದಾದ ಮೇಲೆ ಮೆಲ್ಲಗೆ ಹೇಳತೊಡಗಿದಳು.

'ಆ ನಟ ಉಗ್ಗೋದು ಪಾಠ ಒಪ್ಪಿಸಿದ ಹಾಗಿತ್ತು ಅತ್ತಿಗೆ. ಮೂರೂ ದು ಒಂದೇ ಅಚ್ಚು. ಒಬ್ಬರಿಗೂ ನಗು ಬರಲಿಲ್ಲ. ಬೆಕ್ಕನ್ನ ಎಲ್ಲಿ ಹಾಕಬೇಕು, ಸಂಗೀತ ಎಲ್ಲಿ ನಿಲ್ಲಿಸಬೇಕು, ಲೆಕ್ಕ ಸಿಗಬೇಕಲ್ಲ. ಅದಕ್ಕೆ ಅಣ್ಣನ ದು ತಂದು ಇಟ್ಕೊಂಡೆ. ಬಸ್ಸಲ್ಲಿ ಸೀಟಿಗೆ ಕರ್ಚೀಫ್ ಹಾಕ್ತೀವಲ್ಲ, ಅಷ್ಟೇ. ಆಮೇಲೆ ತೆಗೆಯೋದು ಅಂತಲೇ ಇದ್ದೆ.'

'ಮತ್ತೆ ಯಾಕೆ ತೆಗೀಲಿಲ್ಲ?'

'ಡೈರೆಕ್ಟರು ಕೇಳಿಸ್ಕೊಂಡು ಬಿದ್ದು ಬಿದ್ದು ನಕ್ಕರು. ಒಂದು ಕೂದಲೂ ಅಲ್ಲಾಡಿಸ್ಬೇಡ ಅಂದ್ರು. ನಟನ್ನ ಕರೆಸಿ, ಇದನ್ನ ಕೇಳಿಸಿ, ಹೀಗೇ ಹೇಳಪ್ಪಾ ಅಂತ ಮತ್ತೆ ಮತ್ತೆ ಹೇಳಿಸಿದ್ವಿ. ಜಪ್ಪಯ್ಯ ಅಂದ್ರೂ ಬರಲಿಲ್ಲ. ಇದು ಯಾರ ದನಿ ಅಂತ ಎಲ್ಲರೂ ಕೇಳಿದ್ರು. ನಮ್ಮಣ್ಣಂದು ಅನ್ನೋಕೆ ನನಗೆ ಬಾಯಿ ಬರಲಿಲ್ಲ.'

ಯಾವ ಮಾತಿನಿಂದ ಕಿತ್ತೆ ಎಂದು ಕೇಳಿದೆ. ಅವಳು ಗುಂಡಿ ಒತ್ತಿದಳು. ಸಂಗೀತವಿಲ್ಲ, ಬೆಕ್ಕಿಲ್ಲ, ಬರೀ ನಮ್ಮವರು. 'ದು, ದು, ದೂ... ದುಡುಕಬೇಡ ಪುಟ್ಟಿ. ಹೊ, ಹೊತ್ತಿಗೆ ಸರಿಯಾಗಿ ಊಟ ಮಾಡು.' ಹಿಂದೆ ನಮ್ಮ ಕುಕ್ಕರಿನ ಸೀಟಿಯೂ ಕೇಳಿಸಿತು. 'ಈಗ ಇದನ್ನ ನೋಡಿ' ಎಂದು ಪುಟ್ಟಿ ಅದೇ ದು, ದು, ದೂ-ವನ್ನು ಕಹಳೆ, ಬೆಕ್ಕು, ಕುರ್ಚಿಯ ಜೊತೆ ಹಾಕಿದಳು.

ನನಗೆ ನಗು ಬಂತು. ತುಟಿ ಕಚ್ಚಿದೆ, ಆದರೂ ಬಂತು, ದರಿದ್ರ ನಗು. ಗಂಡನ ಕಷ್ಟಕ್ಕೆ ನಕ್ಕೆನಲ್ಲ ಎಂದು ಮೈಯೆಲ್ಲ ಉರಿಯಿತು. ಪುಟ್ಟಿ ಮಾತ್ರ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

'ತೆಗೆಸು ಇದನ್ನ.'

'ಆಗಲ್ಲ ಅತ್ತಿಗೆ. ಎಲ್ಲ ಥಿಯೇಟರಿಗೂ ಹೋಗಿದೆ, ಎಲ್ಲರ ಫೋನಲ್ಲೂ ಇದೆ. ಅಣ್ಣನಿಗೆ ನಾನೇ ಹೇಳ್ತೀನಿ, ಕಾಲಿಗೆ ಬೀಳ್ತೀನಿ.'

'ನೀನು ಹೇಳೋದೂ ಬೇಡ, ಬೀಳೋದೂ ಬೇಡ. ಇಷ್ಟು ಮಾಡಿರೋದೇ ಸಾಕು' ಎಂದು ಎದ್ದು ಬಂದೆ.

ಅಲ್ಲಿಂದ ಶುರುವಾಯಿತು ನನ್ನ ಪಹರೆ. ಮನೆಯ ಟೀವಿ ಕೆಟ್ಟಿದೆ ಎಂದು ವೈರು ಕಿತ್ತಿಟ್ಟೆ. ಮಹಡಿಯ ಹುಡುಗಿಯರು ಮೆಟ್ಟಿಲಲ್ಲಿ ದು, ದು, ದೂ ಎಂದು ಹಾಡಿಕೊಂಡು ಇಳಿದರೆ ಮಿಕ್ಸಿ ಹಾಕುತ್ತಿದ್ದೆ, ಒಳಗೆ ರುಬ್ಬಲು ಏನೂ ಇರುತ್ತಿರಲಿಲ್ಲ. ಇವರೊಡನೆ ಬಸ್ಸಿಗೆ ನಿಂತಾಗ ಯಾರ ಕೈಯಲ್ಲಿ ಫೋನು ಕಂಡರೂ ಜೀವ ಬಾಯಿಗೆ ಬರುತ್ತಿತ್ತು. 'ಏನಾಗಿದೆ ನಿಂಗೆ?' ಎಂದು ಇವರು ಕೇಳಿದರೆ ಪಿತ್ತ ಎನ್ನುತ್ತಿದ್ದೆ. ಪಾಪ, ನಿಂಬೆಹಣ್ಣು ತಂದುಕೊಟ್ಟರು.

ಎಷ್ಟು ದಿನ ಕಾಯಲಾದೀತು. ಒಂದು ಸಂಜೆ ಇವರು ಚಪ್ಪಲಿ ಬಿಡುವ ಮೊದಲೇ ಮಾತು ಶುರುವಿಟ್ಟುಕೊಂಡರು. ಮುಖ ಕೆಂಪಾಗಿತ್ತು. ಅಂಗಡಿಯ ಮಾಲೀಕರು ಫೋನಿನಲ್ಲಿ ಟ್ರೇಲರ್ ತೋರಿಸಿದರಂತೆ. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ.

'ಪುಟ್ಟಿ ಮಾಡಿದ್ದು ನೋ, ನೋಡ್ದೆ ಕಣೇ. ಆ ನಟ ನ, ನ, ನಾ... ನಮ್ಮವನು.'

'ನಮ್ಮವನು ಅಂದ್ರೆ?'

'ಅವನಿಗೂ ಉಗ್ಗಿದೆ. ಸಿನಿಮಾದಲ್ಲಿ ಬೇರೆಯವರೆಲ್ಲ ಅ, ಅಕ್ಷರ ಎಣಿಸಿ ಉಗ್ಗೋದು. ಇವನದ್ದು ನಿಜ. ಗಂಟಲಲ್ಲಿ ಸಿಕ್ಕಾಕ್ಕೊಳ್ಳೋದು ಗೊತ್ತಾಗುತ್ತೆ. ಥೇಟ್ ನನ್ನ ಹಾಗೇ. ನನ್ನ ಹಾಗೆ ಇರೋರನ್ನ ನಾನು ಇದುವರೆಗೂ ಕೇ, ಕೇಳೇ ಇರಲಿಲ್ಲ.'

ತನ್ನ ದನಿ ಹೊರಗಿನಿಂದ, ಅದೂ ಬೇರೆಯವರ ಬಾಯಲ್ಲಿ ಬಂದರೆ ಯಾರಿಗೂ ಗುರುತು ಹತ್ತುವುದಿಲ್ಲ. ಇವರಿಗೂ ಹತ್ತಿರಲಿಲ್ಲ.

'ಜನ ನಗ್ತಾರಲ್ಲ' ಎಂದೆ, ಏನಾದರೂ ಅನ್ನಬೇಕಲ್ಲ ಎಂದು.

'ನಗಲಿ ಬಿಡು. ಅವನೇ ಧೈರ್ಯವಾಗಿ ನಿಂತು ನಗಿಸ್ತಿದಾನೆ. ಅವನಿಗಿಲ್ಲದ ನಾ, ನಾಚಿಕೆ ನನಗ್ಯಾಕೆ?'

ಆಮೇಲಿನ ದಿನಗಳನ್ನು ಏನೆಂದು ಹೇಳಲಿ. ಇವರು ಮಾತಾಡತೊಡಗಿದರು. ಗ್ಯಾಸಿನವರಿಗೆ ತಾವೇ ಫೋನ್ ಮಾಡಿದರು. ಮಾಲೀಕರು ಊಟಕ್ಕೆ ಹೋದಾಗ ಅಂಗಡಿಯ ಮುಂದಿನ ಕೌಂಟರಿನಲ್ಲಿ ನಿಂತು ಗಿರಾಕಿಗಳಿಗೆ ಫ್ರೇಮು ತೋರಿಸಿದರು. ಯಾರಾದರೂ ಮುಸಿ ಮುಸಿ ನಕ್ಕರೆ 'ಸಿ, ಸಿನಿಮಾ ಕಳ್ಳನ ಹಾಗೆ ಅಲ್ವಾ ಸಾರ್, ಕುರ್ಚಿ ತಗೊಳ್ಳಿ, ಸ್ವಲ್ಪ ಹೊತ್ತಾಗುತ್ತೆ' ಎನ್ನುತ್ತಿದ್ದರಂತೆ. ಮನೆಗೆ ಬಂದು ಅದನ್ನು ಹೇಳಿ ತಾವೇ ನಗುವರು. ಇಷ್ಟು ವರ್ಷ ಯಾವುದಕ್ಕಾಗಿ ಹಂಬಲಿಸಿದ್ದೆನೋ ಅದು ನನ್ನ ಎದುರು ಕೂತು ಊಟ ಮಾಡುತ್ತಿತ್ತು, ನನಗೆ ಮಾತ್ರ ತುತ್ತು ಇಳಿಯುತ್ತಿರಲಿಲ್ಲ. ಇವರಿಗೆ ಮೊದಲೇ ತಿಳಿದಿದ್ದರೆ ಬಾಯಿಗೆ ಬೀಗ ಬೀಳುತ್ತಿತ್ತು, ಅಷ್ಟೇ. ಈಗ ತಿಳಿದರೆ ಏನೇನು ಕುಸಿಯುತ್ತದೋ.

ಪುಟ್ಟಿಗೆ ಫೋನ್ ಮಾಡಿ ಹೇಳಿದೆ. ಅವಳು ಗೊಳೋ ಎಂದು ಅತ್ತಳು. 'ಅಣ್ಣ ನನಗೆ ದಿನಾ ಮಾತು ಕಳಿಸ್ತಿದಾನೆ ಅತ್ತಿಗೆ. ಎಷ್ಟು ಒಳ್ಳೇ ನಟನ್ನ ಹಿಡಿದ್ರಿ ಅಂತಾನೆ.' ಇಬ್ಬರೂ ಬಾಯಿ ಹೊಲಿದುಕೊಂಡೆವು.

ಟೀವಿಯ ವೈರನ್ನು ಇವರೇ ಹುಡುಕಿ ಸಿಕ್ಕಿಸಿದರು. ಭಾನುವಾರ ಬೆಳಿಗ್ಗೆ ಆ ನಟನ ಸಂದರ್ಶನ ಬಂತು. ನಟ ಮಳೆ ಸುರಿದ ಹಾಗೆ ಮಾತಾಡಿದ, ಎಲ್ಲೂ ಒಂದು ತಡೆ ಇಲ್ಲ. ಉಗ್ಗುವುದನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ ಎಂದ, ನಾಚಿಕೆಗೆಟ್ಟವನು. ಮುಗಿಯಿತು, ಇವರಿಗೆ ತಿಳಿಯಿತು ಎಂದುಕೊಂಡೆ. ನೋಡಿದರೆ ಇವರ ಕಣ್ಣಲ್ಲಿ ನೀರು.

'ಪಾಪ, ಮು, ಮುಚ್ಚಿಡ್ತಿದಾನೆ ಕಣೇ. ಎಲ್ಲೂ ನಿಲ್ಲಿಸದೆ ಓಡಿಸ್ತಿದಾನೆ ನೋಡು, ನಿಲ್ಲಿಸಿದ್ರೆ ಸಿಕ್ಕಾಕ್ಕೊಳ್ತೀನಿ ಅಂತ ಭಯ. ನಾನೂ ಸ್ಕೂಲಲ್ಲಿ ಹೀಗೇ ಬಾಯಿಪಾಠ ಮಾಡ್ತಿದ್ದೆ. ಅವನಿಗೆ ಯಾರಾದ್ರೂ ಹೇ, ಹೇಳಬೇಕು, ಮುಚ್ಚಿಡಬೇಡ ಅಂತ.'

ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದರು. ಈ ಸಲ ಬೆನ್ನು ತಿರುಗಿಸಲಿಲ್ಲ, ನನ್ನ ಕಡೆ ಮುಖ ಮಾಡಿಯೇ ನಿಂತರು. 'ಸಾರ್, ನಾನು ಪುಟ್ಟಿಯ ಅಣ್ಣ. ನ, ನ, ನಾ... ನಾನೂ ನಿಮ್ಮ ಹಾಗೇ.' ಸರಿಬರಲಿಲ್ಲ ಎಂದು ಅಳಿಸಿ ಮತ್ತೆ ಹೇಳಿದರು. ಪುಟ್ಟಿಯ ಮೂಲಕ ನಟನಿಗೆ ಕಳಿಸುವುದಂತೆ. ಪುಟ್ಟಿ ತಡೆದರೆ ಇನ್ಯಾರದೋ ಕೈಯಲ್ಲಿ ನಂಬರ್ ಹುಡುಕಿಸಿಯಾದರೂ ಕಳಿಸುವವರೇ, ಅಷ್ಟು ಹಟ ಹಿಡಿದಿದ್ದರು. ನನ್ನ ಕಣ್ಣ ಮುಂದೆ ಸಿನಿಮಾದವರೆಲ್ಲ ಬಂದು ನಿಂತರು. ಆ ನಟ ಇದೇ ಗಂಟಲನ್ನು ಕಿವಿಗೆ ಹಾಕಿಕೊಂಡು ಕೂತವನು, ಮೊದಲ ಉಗ್ಗಿಗೇ ಗುರುತು ಹಿಡಿಯುತ್ತಾನೆ. ಎಲ್ಲರನ್ನೂ ಕರೆದು ಕೇಳಿಸುತ್ತಾನೆ. ಬಿದ್ದು ಬಿದ್ದು ನಗುತ್ತಾರೆ. ಬೇರೆಯವರ ನಗುವಿನಿಂದ ಇವರಿಗೆ ತಿಳಿಯುವುದು ಬೇಡ.

ಹೋಗಿ ಕೈಯಿಂದ ಫೋನು ಕಿತ್ತುಕೊಂಡೆ.

'ಕಳಿಸ್ಬೇಡಿ. ಅದು ಅವನ ದನಿ ಅಲ್ಲರೀ. ನಿಮ್ಮದು.'

'ಏ, ಏನು?'

'ಟ್ರೇಲರಲ್ಲಿ ಉಗ್ಗೋದು ನೀವು. ದುಡುಕಬೇಡ ಅಂತ ಪುಟ್ಟಿಗೆ ಕಳಿಸಿದ್ರಲ್ಲ, ಅದರಿಂದ ತಗೊಂಡಿದಾಳೆ. ಬೇಕೂಂತ ಮಾಡಿಲ್ಲ, ಆದರೆ ಮಾಡಿದಾಳೆ. ನನಗೆ ಮೊದಲ ದಿನವೇ ಗೊತ್ತಿತ್ತು.'

ಬೈಯಲಿ ಎಂದು ಕಾದೆ. ಫೋನು ಕಿತ್ತು ಬೀದಿಗೆ ಎಸೆಯಲಿ ಎಂದು ಕಾದೆ. ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಾರೆ, ಇನ್ನು ವರ್ಷಗಟ್ಟಲೆ ಗೋಡೆಯೇ ಗತಿ ಎಂದುಕೊಂಡೆ. ಇವರು ಹಾಗೇನೂ ಮಾಡಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು.

'ಹಾಗಾದ್ರೆ ಅವನಿಗೆ?'

'ಅವನಿಗೇನೂ ಇಲ್ಲ. ಚೆನ್ನಾಗೇ ಮಾತಾಡ್ತಾನೆ.'

ಹೂಂ ಎಂದು ತಲೆಯಾಡಿಸಿದರು. ಬಾಲ್ಕನಿಯ ಕಂಬಿ ಹಿಡಿದು ಕೆಳಗೆ ಬೀದಿ ನೋಡಿದರು. ಗಂಟಲು ಆಡಿತು, ಮಾತು ಸಿಕ್ಕಿಕೊಂಡಿತು, ನಾನು ಯಾವತ್ತಿನಂತೆ ಕಾದೆ.

'ಅಂದ್ರೆ ನ, ನ, ನಾ... ನಾನೊಬ್ಬನೇ.'

'ನಾನಿದ್ದೀನಲ್ಲರೀ' ಎಂದೆ. ನನಗೆ ಅಳು ತಡೆಯಲಾಗಲಿಲ್ಲ.

ಇವರು ನನ್ನ ಭುಜದ ಮೇಲೆ ಕೈಯಿಟ್ಟರು. 'ನಿಂಗೆ ಉಗ್ಗಿಲ್ವಲ್ಲೇ' ಎಂದರು. ಬೈಯುವ ದನಿಯಾಗಿರಲಿಲ್ಲ ಅದು, ನನ್ನನ್ನೇ ಸಮಾಧಾನ ಮಾಡುತ್ತಿದ್ದರು.