ಸಿಗ್ನಲ್ ಕಾಣದ ದಿನ

"ಇಳೀಬೇಡಿ ಗುಂಡಣ್ಣನವರೇ, ಕೆಳಗೆ ನೆಲ ಇದೆಯೋ ಇಲ್ವೋ!" ಎಂದು ರೈಲಿನ ಥರ್ಡ್ ಕ್ಲಾಸ್ ಡಬ್ಬಿಯೊಳಗಿಂದ ದಿನಾ ಜೊತೆಗೆ ಬರುವ ಶಾಮಣ್ಣ ಕೂಗುವಷ್ಟರಲ್ಲಿ ಗುಂಡಣ್ಣ ಒಂದು ಕಾಲನ್ನು ಮಂಜಿನೊಳಕ್ಕೆ ಇಳಿಬಿಟ್ಟಾಗಿತ್ತು. ಮೊಣಕಾಲಿನಿಂದ ಕೆಳಗೆ ಕಾಲೇ ಕಾಣಲಿಲ್ಲ. ಬೆರಳು ಅಲ್ಲಾಡಿಸಿ, ಇದೆಯೆಂದು ಖಾತ್ರಿ ಮಾಡಿಕೊಂಡು ಧುಮುಕಿದ.

ಆ ವರ್ಷದ ಪುಷ್ಯಮಾಸದ ಮಂಜು ಎಂಥದ್ದೆಂದರೆ, ಅಜ್ಜಂಪುರದ ಹಾಲಮ್ಮ ಒಗೆದ ಸೀರೆಯನ್ನು ಹಗ್ಗವಿಲ್ಲದೆ ಮಂಜಿನ ಮೇಲೆಯೇ ಹರವಿದ್ದಳು, ಸಂಜೆಯವರೆಗೂ ಬೀಳಲಿಲ್ಲ. ತರೀಕೆರೆಯಲ್ಲಿ ಹಾರುತ್ತಿದ್ದ ಕಾಗೆಯೊಂದು ನಡುವೆ ಸಿಕ್ಕಿಕೊಂಡು ಮಧ್ಯಾಹ್ನದವರೆಗೆ ಅಲ್ಲೇ ನಿಂತಿತ್ತು. ಇದನ್ನು ಕಡಿಮೆ ಮಾಡಿಯೇ ಹೇಳಿದ್ದು; ಪೂರ್ತಿ ಹೇಳಿದರೆ ಯಾರೂ ನಂಬುವುದಿಲ್ಲ. ಇಂಥ ಮಂಜಿನಲ್ಲಿ ಬೀರೂರಿನ ಹೊರಗಿನ ಸಿಗ್ನಲ್ ಕಾಣದೆ ಡ್ರೈವರು ರೈಲು ನಿಲ್ಲಿಸಿ ಒಂದೂವರೆ ಗಂಟೆಯಾಗಿತ್ತು.

ಗುಂಡಣ್ಣ ಕಡೂರು ತಾಲ್ಲೂಕು ಕಚೇರಿಯ ಗುಮಾಸ್ತ. ಅಜ್ಜಂಪುರದಿಂದ ದಿನಾ ರೈಲಿನಲ್ಲಿ ಬಂದುಹೋಗುವವನು. ಆ ವಾರ ಎರಡು ಸಲ ಮಂಜಿನಿಂದ ತಡವಾಗಿತ್ತು. ಹೊಸ ಅಮಲ್ದಾರರು ಮೀಸೆ ಅಲ್ಲಾಡದಂತೆ ಹೇಳಿದ್ದರು: "ಇನ್ನೊಂದ್ಸಲ ಹನ್ನೊಂದು ಗಂಟೆ ದಾಟಿದ್ರೆ ನಿಮಗೆ ಲಿಂಗದಹಳ್ಳಿಗೆ ವರ್ಗ." ಲಿಂಗದಹಳ್ಳಿ ಎಂದರೆ ಕಾಡಂಚು, ಚಳಿಜ್ವರ. ಹೆಂಡತಿ ತುಂಗಮ್ಮ ಏಳು ತಿಂಗಳ ಬಸುರಿ. ಅಲ್ಲಿಗೆ ಅವಳನ್ನು ಕರೆದೊಯ್ಯುವಂತಿಲ್ಲ, ಬಿಟ್ಟುಹೋಗುವಂತೆಯೂ ಇಲ್ಲ.

ತಡವರಿಸಿಕೊಂಡು ರಸ್ತೆ ಸೇರಿದವನಿಗೆ ಗಂಟೆಯ ಸದ್ದು ಕೇಳಿಸಿತು. ತೆಂಗಿನಕಾಯಿ ಹೇರಿಕೊಂಡು ಕಡೂರಿಗೆ ಹೊರಟಿದ್ದ ಚಿಕ್ಕಬೀರಪ್ಪನ ಗಾಡಿ.

"ಹತ್ಕಳಿ ಸ್ವಾಮೇರಾ. ಕಾಯಿ ಮ್ಯಾಲೆ ಕುಂತ್ಕಳಿ, ಬೆಚ್ಚಗಿರ್ತದೆ."

"ನಿನಗೆ ದಾರಿ ಕಾಣ್ತಿದೆಯೇನಯ್ಯಾ?"

"ನಂಗೆ ಎತ್ತಿನ ಬಾಲಾನೇ ಕಾಣಾಕಿಲ್ಲ. ಎತ್ತಿಗೆ ಗೊತ್ತೈತೆ ಬುಡಿ. ಅಗ್ಗ ಸಡ್ಲ ಬುಟ್ಟಿವ್ನಿ."

ಅರ್ಧ ಮೈಲಿ ಹೋಗಿದ್ದರೋ ಇಲ್ಲವೋ, ಹಿಂದಿನಿಂದ ಕೂಗುತ್ತ ಬಂದ ರೈಲು ಅವರನ್ನು ದಾಟಿ ಕಡೂರಿನತ್ತ ಓಡಿತು. ಕಿಟಕಿಯಿಂದ ಶಾಮಣ್ಣನ ದನಿ ಕೇಳಿತು: "ಹೇಳ್ಲಿಲ್ವೇ ನಾನು!"

"ಓಗ್ಲಿ ಬುಡಿ, ಅದ್ಕೆ ಕಂಬಿ ಬೇಕು," ಎಂದು ಚಿಕ್ಕಬೀರಪ್ಪ ಸಮಾಧಾನ ಹೇಳಿದ. ಗುಂಡಣ್ಣನಿಗೆ ಅಳು ಬಂತು. ಆ ಚಳಿಗೆ ಕಣ್ಣೀರು ಕೆನ್ನೆಯ ಮೇಲೆಯೇ ಹೆಪ್ಪುಗಟ್ಟಿ, ಉದುರಿ, ಕಾಯಿಯ ಮೇಲೆ ಟಣ್ ಎಂದಿತು.

ಎಷ್ಟೋ ಹೊತ್ತಿನ ಮೇಲೆ ಎತ್ತುಗಳು ತಾವಾಗಿ ಒಂದು ಗೇಟಿನೊಳಗೆ ತಿರುಗಿ ನಿಂತವು.

"ಕಚೇರಿ ಬಂತೇನೋ?"

"ನಿಂತ್ವಲ್ಲ, ಬಂದಿರ್ಬೇಕು!"

ಗುಂಡಣ್ಣ ಹಾರಿ ಇಳಿದ. ಮುಂದೆ ಮೂರು ಮೆಟ್ಟಿಲು, ಅದರಾಚೆ ಬೆಂಕಿಯ ಕೆಂಪು, ಬೆಂಕಿಯ ಮುಂದೆ ತಲೆಯ ತುಂಬ ಕಂಬಳಿ ಹೊದ್ದ ಒಂದು ಆಕಾರ. ಕಚೇರಿಯ ಜವಾನ ಲಕ್ಕಣ್ಣನಲ್ಲದೆ ಇನ್ಯಾರು?

"ಲೋ ಲಕ್ಕ, ಆ ಯಮ ಬಂದು ಕೂತಾಯ್ತೇನೋ? ನನ್ನ ಕೇಳಿದನೇ?"

ಕಂಬಳಿ ಮೆಲ್ಲಗೆ ತಿರುಗಿತು. ಒಳಗೆ ಮೀಸೆಯಿತ್ತು.

ಅಷ್ಟರಲ್ಲಿ ಒಳಗಿನಿಂದ ಹೆಂಗಸಿನ ದನಿ: "ನಾಲ್ಕನೇ ಸಲ ನೀರು ಕಾಯಿಸಿದೀನಿ ಕಣ್ರೀ! ಸ್ನಾನಕ್ಕೆ ಏಳ್ತೀರೋ, ಇವತ್ತೂ ನಿನ್ನೆ ಹಾಗೆ ಸಾಯಂಕಾಲಕ್ಕೆ ಕಚೇರಿಗೆ ಹೋಗ್ತೀರೋ?" ಅಮಲ್ದಾರರ ಹೆಂಡತಿ ಕಾಮಾಕ್ಷಮ್ಮ ಬಾಗಿಲಿಗೆ ಬಂದವರು ಅಂಗಳ ನೋಡಿ ಉದ್ಗರಿಸಿದರು, "ಅಯ್ಯೋ, ಹೋದ ತಿಂಗಳು ಮಾರಿದ ನಮ್ಮ ಎತ್ತುಗಳು! ನಮ್ಮ ಬಚ್ಚಲೊಲೆ ಇನ್ನೂ ಮರೆತಿಲ್ಲ!"

ಎತ್ತುಗಳು ನೊಗದ ಸಮೇತ ಮೆಟ್ಟಿಲಿನತ್ತ ಮೂತಿ ಚಾಚಿದ್ದವು. ಅಮಲ್ದಾರರು ಹೆಂಡತಿಯನ್ನು ನೋಡಿದರು, ಎತ್ತುಗಳನ್ನು ನೋಡಿದರು, ಗುಂಡಣ್ಣನನ್ನು ಮಾತ್ರ ನೋಡಲಿಲ್ಲ.

"ಗಂಟೆ ಎಷ್ಟು?" ಎಂದರು ಒಲೆಗೆ.

ಲಿಂಗದಹಳ್ಳಿ ಗುಂಡಣ್ಣನ ಕಣ್ಣ ಮುಂದೆ ಮಂಜಿಲ್ಲದೆ ನಿಚ್ಚಳವಾಗಿ ಕಂಡಿತು. "ಇನ್ನೂ... ಹನ್ನೊಂದಾಗಿರಲಿಕ್ಕಿಲ್ಲ ಸ್ವಾಮಿ."

ಆಗಲೇ ಖಜಾನೆಯ ಪಹರೆಯವನು ದೂರದಲ್ಲಿ ಗಂಟೆ ಹೊಡೆಯತೊಡಗಿದ. ಇಬ್ಬರೂ ಉಸಿರು ಹಿಡಿದು ಎಣಿಸಿದರು. ಹತ್ತು. ಹನ್ನೊಂದು. ಇನ್ನೊಂದೂ ಬಿತ್ತು.

"ಆ ಪಹರೆಯವನಿಗೆ ಲೆಕ್ಕ ಬರೋದಿಲ್ಲ," ಎಂದರು ಅಮಲ್ದಾರರು.

"ಮೊದಲಿನಿಂದಲೂ ಅಷ್ಟೇ ಸ್ವಾಮಿ," ಎಂದ ಗುಂಡಣ್ಣ.

ಕಾಮಾಕ್ಷಮ್ಮ ಎರಡು ಲೋಟ ಕಾಫಿ ತಂದಿಟ್ಟು ಒಳಗೆ ಹೋದರು. ಅಮಲ್ದಾರರು ಕೂತಿದ್ದ ಮಣೆಯ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದರು. ಒಲೆಯ ಮುಂದೆ ಗುಂಡಣ್ಣನ ಒದ್ದೆ ಕೋಟಿನಿಂದ ಹಬೆ ಎದ್ದು, ಮಂಜಿಗೆ ಸೇರಿಕೊಳ್ಳುತ್ತಿತ್ತು.